ಎಡಗಡೆ ಬಿದ್ದ ದಳ

ನಾನು ಸೈಕಾಲಜಿ ಓದುತ್ತೇನೆ ಅಂದಾಗ ಮಸ್ಕತ್ ಹತ್ತಿರದ ಅಲ್ ಖೌದ್‌ನ ನಮ್ಮ ಕಟ್ಟಡದ ಹೆಂಗಸರು ಮೊದಲು ಕೇಳಿದ್ದು, "ಮನೆಯಲ್ಲಿ ಯಾರಿಗಾದ್ರೂ ತೊಂದರೆ ಉಂಟಾ?" ಅಂತ. ಆಮೇಲೆ ಕೇಳಿದ್ದು, "ಮಕ್ಕಳು ಯಾವಾಗ?" ಅಂತ. ಮೂರನೆಯ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಶುಕ್ರವಾರದ ಭಜನೆ ಮುಗಿಸಿ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು, ಒಬ್ಬೊಬ್ಬರೂ ನನ್ನ ಮುಖವನ್ನು ಆಗಲೇ ಅರ್ಧ ಹುಚ್ಚು ಹಿಡಿದವಳನ್ನು ನೋಡುವ ಹಾಗೆ ನೋಡಿದರು. ಅದೇ ಹೆಂಗಸರು ಒಬ್ಬೊಬ್ಬರಾಗಿ ಅಡುಗೆಮನೆಗೆ ಬಂದು, ತಮ್ಮ ಗಂಡ ಮಾತಾಡುವುದಿಲ್ಲ, ಮಗ ಊಟ ಬಿಟ್ಟಿದ್ದಾನೆ ಅಂತ ಪಿಸುಗುಟ್ಟಿ ಹೋಗುತ್ತಿದ್ದರು. ಆಚೆ ಹೋಗಿ ಮತ್ತೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನದು ಧಾರವಾಡದಲ್ಲಿ ಮಾಡಿದ ಬಿ.ಎಸ್ಸಿ., ಕೆಮಿಸ್ಟ್ರಿ. ಮದುವೆಯಾಗಿ ಒಮಾನಿಗೆ ಬಂದ ಮೇಲೆ ಇಂಡಿಯನ್ ಸಿಲಬಸ್ಸಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ತೊಳೆದು ತೊಳೆದು ಅವಳ ಕೈಗಳು ಸುಲಿದುಹೋಗಿದ್ದವು. ಯಾರೋ ಅವಳನ್ನು ಸ್ಟಾಫ್ ರೂಮಿಗೆ ಕರೆತಂದರು. ಟೀಚರುಗಳೆಲ್ಲ ಸಮೋಸಾ ತಿನ್ನುತ್ತಾ ಅವಳ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಡ್ರಾಮಾ" ಅಂದರು. ನಾನು ಅವಳನ್ನು ಹೊರಗೆ ಕರೆದುಕೊಂಡು ಬಂದು ತುಂಬಾ ಉರಿಯುತ್ತದಾ ಅಂತ ಕೇಳಿದೆ. "ಇಟ್ಸ್ ಓಕೆ ಮ್ಯಾಮ್, ಐ ಆಮ್ ಯೂಸ್ಡ್ ಟು ಇಟ್" ಅಂದಳು. ಅವಳಿಗೆ ಏನು ಹೇಳಬೇಕು ಅನ್ನುವುದು ನನಗೆ ತಿಳಿಯಲಿಲ್ಲ. ತಿಳಿದವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಕೌನ್ಸೆಲರ್ ಅಂತ ಬೋರ್ಡು ಹಾಕಿದ ಒಂದು ಕೋಣೆ ಇತ್ತು, ಅದರ ತುಂಬ ಹಳೇ ಚಾರ್ಟು, ಗಾಳಿ ಹೋದ ಫುಟ್ಬಾಲು. ಸರಿಯಾದ ಪದವಿ ತಂದರೆ ಆ ಕೋಣೆ ನಿಮಗೇ ಅಂತ ಪ್ರಿನ್ಸಿಪಾಲರು ಹೇಳಿದರು. ಅವರು ಸುಮ್ಮನೆ ಹೇಳಿದರೋ ಏನೋ, ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರು ಸೈಕಾಲಜಿಗೆ ದಾಟಿಕೊಳ್ಳಲು ಕನ್ವರ್ಷನ್ ಕೋರ್ಸ್ ಅಂತ ಇದೆ, ಸ್ನಾತಕೋತ್ತರ ಮಟ್ಟದ್ದು. ಎರಡು ಯೂನಿವರ್ಸಿಟಿಗಳು ನನ್ನನ್ನು ತೆಗೆದುಕೊಳ್ಳಲು ಒಪ್ಪಿದವು. ಒಂದು ಇಂಗ್ಲೆಂಡಿನ ಉತ್ತರದ ಕಡೆಯದು. ಒಂದು ವರ್ಷ ಅಲ್ಲೇ ಇದ್ದು ಕ್ಲಾಸು, ಲ್ಯಾಬು, ಪ್ರಾಜೆಕ್ಟು ಎಲ್ಲ ಮಾಡಬೇಕು. ಮುಗಿಸಿದರೆ ಮುಂದೆ ಎಲ್ಲಿ ಹೋದರೂ ಆ ಪದವಿಗೆ ಬೆಲೆ. ಇನ್ನೊಂದು ದೂರಶಿಕ್ಷಣದ್ದು. ಮನೆಯಲ್ಲೇ ಕೂತು ಓದುವುದು, ಪರೀಕ್ಷೆ ಮಸ್ಕತ್‌ನಲ್ಲೇ. ಹಣದ ತೊಡಕು ಇರಲಿಲ್ಲ, ನನ್ನ ಸಂಬಳ ನಾನು ಕೂಡಿಟ್ಟಿದ್ದೆ. ಜೂನ್ ಮುಗಿಯುವುದರೊಳಗೆ ಎರಡರಲ್ಲಿ ಒಂದಕ್ಕೆ ಒಪ್ಪಿಗೆ ಕಳಿಸಬೇಕಿತ್ತು, ಅಷ್ಟೇ.

ದೂರಶಿಕ್ಷಣದವರ ಏಜೆಂಟನನ್ನು ನೋಡಲು ನಾನೂ ಗಂಡನೂ ಮಸ್ಕತ್‌ನ ರೂವಿ ಪೇಟೆಗೆ ಹೋದೆವು. ಟೈಲರ್ ಅಂಗಡಿಯ ಮೇಲಿನ ಕೋಣೆ, ಅತ್ತರಿನ ವಾಸನೆ, ಗೋಡೆಯ ಮೇಲೆ ಕರಿ ಗೌನು ತೊಟ್ಟವರ ಫೋಟೋಗಳು. ಏಜೆಂಟು ಕರಾವಳಿಯವನು. ನನ್ನನ್ನು ಕೂರಿಸಿ, ನನ್ನ ಪಕ್ಕದಲ್ಲಿದ್ದ ಗಂಡನ ಜೊತೆ ಮಾತಾಡಿದ. ಲ್ಯಾಬಿನ ಕೆಲಸ ಮನೆಯಲ್ಲಿ ಹೇಗೆ ಮಾಡುವುದು ಅಂತ ನಾನು ಕೇಳಿದರೆ ಉತ್ತರವನ್ನೂ ಅವರಿಗೇ ಕೊಟ್ಟ. "ಎಂತ ಸರ್, ಅದೆಲ್ಲ ನಾವು ಮ್ಯಾನೇಜ್ ಮಾಡ್ತೇವೆ. ಅಸೈನ್‌ಮೆಂಟ್ ಬರೆದುಕೊಡುವ ಜನ ಇದ್ದಾರೆ ನಮ್ಮಲ್ಲಿ. ಮೇಡಂ ಸೈನ್ ಹಾಕಿದ್ರೆ ಖಲಾಸ್."

ನನಗೆ ಥೂ ಅನ್ನಿಸಿತು. ಮನಸ್ಸು ಕೆಟ್ಟ ಮಕ್ಕಳ ಎದುರು ಕೂರಲು ಹೊರಟವಳಿಗೆ ಇವನು ಬೇರೆಯವರ ಕೈಯಲ್ಲಿ ಬರೆಸಿದ ವಿದ್ಯೆ ಮಾರುತ್ತಿದ್ದಾನೆ. ಮೆಟ್ಟಿಲಿಳಿಯುವಾಗ ಗಂಡನ ಮುಖ ನೋಡಿದೆ. ಅವರಿಗೂ ಅಸಹ್ಯವಾಗಿರುತ್ತದೆ ಅಂದುಕೊಂಡಿದ್ದೆ. ಅವರು, "ಛಲೋ ಅನುಕೂಲ ಐತಿ" ಅಂದರು.

ನನ್ನ ಗಂಡ ಕೆಟ್ಟವರಲ್ಲ. ಬಾಗಲಕೋಟೆ ಕಡೆಯ ಮನೆತನ, ಪೈಪ್‌ಲೈನ್ ಕಂಪನಿಯಲ್ಲಿ ಇಂಜಿನಿಯರು. ಕುಡಿಯುವವರಲ್ಲ, ಕೈಯೆತ್ತುವವರಲ್ಲ. ಆದರೆ ಇಂಗ್ಲೆಂಡಿನ ವಿಷಯ ಎತ್ತಿದರೆ ಅವರ ಬಾಯಿಂದ ಹೌದು ಅಂತಲೂ ಬರುವುದಿಲ್ಲ, ಬ್ಯಾಡ ಅಂತಲೂ ಬರುವುದಿಲ್ಲ. "ಕಫೀಲ್ ಏನಂತಾನೋ" ಅನ್ನುತ್ತಿದ್ದರು. ಕಫೀಲ್ ಅಂದರೆ ಅವರ ಕಂಪನಿಯ ಒಮಾನಿ ಯಜಮಾನ. ಪಾಪ, ಆ ಮನುಷ್ಯನಿಗೆ ನಾನು ಹುಟ್ಟಿದ್ದೇ ಗೊತ್ತಿರಲಿಲ್ಲ. ನನ್ನ ವೀಸಾದ ಮೇಲೆ ಪ್ರಾಯೋಜಕ ಅಂತ ಇದ್ದದ್ದು ಗಂಡನ ಹೆಸರೇ. "ಆರು ತಿಂಗಳು ಹೊರಗಿದ್ದರ ಫ್ಯಾಮಿಲಿ ವೀಸಾ ಹೋಗ್ತೈತಿ" ಅಂದರು. ನಡುವೆ ರಜೆಗೆ ಬಂದು ಹೋಗುತ್ತೇನೆ ಅಂದೆ. "ಆಫೀಸಿನ್ಯಾಗ ಮಂದಿ ಏನಂತಾರೋ" ಅಂದರು. ಮಂದಿ ಏನಾದರೂ ಅನ್ನಲಿ, ನೀವು ಏನಂತೀರಿ ಅಂತ ಕೇಳಿದರೆ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದರು. ಸಿಟ್ಟು ಮಾಡಿ ಕೂಗಿದ್ದರೂ ಸಹಿಸುತ್ತಿದ್ದೆ. ಈ ಜಾರಿಕೊಳ್ಳುವ ಚಾಳಿ ನೋಡಿದರೆ ಬಸವನಹುಳು ಅಂಗೈ ಮೇಲೆ ಹರಿದ ಹಾಗೆ ಆಗುತ್ತಿತ್ತು.

ಆ ಬೇಸಿಗೆಯಲ್ಲಿ ಅತ್ತೆ ವಿಸಿಟ್ ವೀಸಾದ ಮೇಲೆ ಬಂದಿದ್ದರು. ಅಂಗೈ ಎತ್ತರದ ಹಿತ್ತಾಳೆಯ ಹಣಮಪ್ಪನನ್ನು ಸೀರೆಯಲ್ಲಿ ಸುತ್ತಿ ತಂದಿದ್ದರು. ಹಾಲ್‌ನ ಗೋಡೆಯ ಹಲಗೆಯ ಮೇಲೆ ಆ ದೇವರ ಠಿಕಾಣಿ. ನಮ್ಮ ತಕರಾರು ಅವರ ಕಿವಿಗೂ ಬಿತ್ತು. ಒಂದು ಗುರುವಾರ ಸಂಜೆ ನನ್ನ ಗಂಡನೇ ಹೇಳಿದರು: "ಅವ್ವಾ, ಹಣಮಪ್ಪನ್ನ ಪ್ರಸಾದ ಕೇಳಿ ಬಿಡು. ಆತ ಹೆಂಗ ಹೇಳ್ತಾನ ಹಂಗ."

ನಮ್ಮ ಕಡೆ ಇದು ಇದೆ. ಹೊಲ ಕೊಳ್ಳಬೇಕೋ ಬೇಡವೋ, ಸಂಬಂಧ ಮಾಡಬೇಕೋ ಬಿಡಬೇಕೋ ಅನ್ನುವಾಗ ಹೂವಿನ ದಳಗಳನ್ನು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ದೇವರ ಬಲಗಡೆಯ ದಳ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ನನಗೆ ಅದರಲ್ಲಿ ನಂಬಿಕೆ ಇತ್ತು ಅಂತ ಹೇಳಲಾರೆ. ಆದರೂ ಒಪ್ಪಿಕೊಂಡೆ. ಈ ಮನುಷ್ಯನಿಗೆ ಬಾಯಿ ಬಿಡಲು ಯಾರಾದರೂ ಒಬ್ಬರು ಹೇಳಿಕೊಡಬೇಕು, ಕಫೀಲನ ಬದಲು ಹಣಮಪ್ಪ ಹೇಳಿಕೊಡಲಿ ಅಂದುಕೊಂಡೆ. ಅತ್ತೆಯ ಕೈ ಪ್ರಾಮಾಣಿಕ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆ ತಲೆಸ್ನಾನ ಮಾಡಿ, ವಿಮಾನದಲ್ಲಿ ಬಂದ ಸೇವಂತಿಗೆಯ ಎರಡು ದಳ ಆರಿಸಿ, ಅಂಟಿಸಿದರು. "ನನ್ನಪ್ಪಾ, ಈ ಹುಡುಗಿ ದೂರದ ದೇಶಕ್ಕ ಹೋಗಿ ಓದೋದು ನಿನಗ ಒಪ್ಪಿಗಿ ಇದ್ದರ ಬಲಕ್ಕ ಕೊಡು. ಇಲ್ಲೇ ಇದ್ದು ಓದಲಿ ಅನ್ನೋದಾದರ ಎಡಕ್ಕ ಕೊಡು" ಅಂತ ಕೈ ಮುಗಿದು ಕೂತರು. ನಾನು ಅವರ ಹಿಂದೆ, ಗಂಡ ಬಾಗಿಲ ಬಳಿ.

ಬಹಳ ಹೊತ್ತೇನೂ ಕಾಯಬೇಕಾಗಲಿಲ್ಲ. ಎಡಗಡೆಯ ದಳದ ತುದಿ ಮೊದಲು ಮುರುಟಿತು, ಆಮೇಲೆ ಪಟಪಟ ನಡುಗಿತು, ಬಿತ್ತು. ಬಲಗಡೆಯದು ಒದ್ದೆಯಾಗಿ ಹಾಗೇ ಅಂಟಿಕೊಂಡಿತ್ತು.

"ಆತಲ್ಲ, ಇಲ್ಲೇ ಕುಂತು ಓದು" ಅಂದರು ಗಂಡ. ಅವರ ದನಿಯಲ್ಲಿ ಅಂಥ ನಿರಾಳ ನಾನು ವಾರಗಟ್ಟಲೆಯಿಂದ ಕೇಳಿರಲಿಲ್ಲ.

ನಾನು ಆ ದಳವನ್ನೇ ನೋಡುತ್ತಿದ್ದೆ. ನಡುಗಿತಲ್ಲ, ಯಾಕೆ ನಡುಗಿತು? ಆಗ ನನ್ನ ಕೆನ್ನೆಗೆ ತಣ್ಣನೆಯ ಗಾಳಿ ತಗುಲುತ್ತಿರುವುದು ಗಮನಕ್ಕೆ ಬಂತು. ಏಸಿ ಓಡುತ್ತಿತ್ತು. ನಮ್ಮ ಮನೆಯಲ್ಲಿ ಪೂಜೆಯ ಹೊತ್ತಿಗೆ ಏಸಿ ಹಾಕುವುದೇ ಇಲ್ಲ, ದೀಪ ಆರುತ್ತದೆ ಅಂತ. ಅತ್ತೆಗಂತೂ ಏಸಿ ಕಂಡರಾಗದು, ಆ ಸುಡುಬಿಸಿಲಲ್ಲೂ ಶಾಲು ಹೊದೆದು ಓಡಾಡುವವರು. ದೀಪ ಯಾಕೆ ಆರಲಿಲ್ಲ ಅಂತ ನೋಡಿದರೆ ಅದಕ್ಕೆ ಗಾಜಿನ ಬುರುಡೆ ಮುಚ್ಚಿತ್ತು. ಅದು ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಕಾಗದ ಸುತ್ತಿ ಇಟ್ಟಿದ್ದ ಬುರುಡೆ. ನಾನು ತೆಗೆದಿರಲಿಲ್ಲ. ಅತ್ತೆಗೆ ಅದು ಅಲ್ಲಿರುವುದೇ ಗೊತ್ತಿರಲಿಲ್ಲ. ತಲೆಯೆತ್ತಿದೆ. ಏಸಿಯ ರೆಕ್ಕೆ ಅತ್ತಿತ್ತ ಆಡುವುದನ್ನು ನಿಲ್ಲಿಸಿ, ನೆಟ್ಟಗೆ ದೇವರ ಹಲಗೆಯ ಕಡೆ, ಎಡ ಭುಜದ ಕಡೆ, ತಿರುಗಿ ನಿಂತಿತ್ತು.

"ರಿಮೋಟ್ ಎಲ್ಲೈತ್ರಿ?" ಅಂದೆ.

"ಯಾಕ?"

"ಅತ್ಯಾರಿಗೆ ಥಂಡಿ ಆಗಾಕತ್ತೈತಿ. ಬಂದ್ ಮಾಡ್ತೇನಿ."

ಅವರು ಪೂಜೆಗೆಂದು ತೊಟ್ಟ ಬಿಳಿ ಜುಬ್ಬಾದ ಜೇಬಿಗೆ ಕೈ ಹಾಕಿ ರಿಮೋಟು ತೆಗೆದು ಕೊಟ್ಟರು. ಅತ್ತೆ ಅದನ್ನು ನೋಡಿದರು, ಏಸಿಯನ್ನು ನೋಡಿದರು, ದೀಪದ ಬುರುಡೆಯನ್ನು ನೋಡಿದರು. ಕಡೆಗೆ ಮಗನನ್ನು ನೋಡಿದರು. ಅಷ್ಟು ವರ್ಷದ ಸೊಸೆತನದಲ್ಲಿ ಅವರ ಮುಖ ಹಾಗೆ ಬಾಡಿದ್ದನ್ನು ನಾನು ಕಂಡಿರಲಿಲ್ಲ.

ನನಗೆ ಬಂದದ್ದು ಸಿಟ್ಟಲ್ಲ, ಓಕರಿಕೆ. ಅಲ್ಲ, ಈ ಮನುಷ್ಯ ಬೆಳಿಗ್ಗೆ ಎದ್ದು, ಸ್ಟೂಲು ಹತ್ತಿ, ಕಾಗದ ಬಿಚ್ಚಿ ಬುರುಡೆ ತೆಗೆದಿದ್ದಾನೆ. ಧೂಳು ಒರೆಸಿದ್ದಾನೆ. ಗಾಳಿ ಎತ್ತ ಬೀಸುತ್ತದೆ ಅಂತ ನಿಂತು ಲೆಕ್ಕ ಹಾಕಿದ್ದಾನೆ. ಹೆತ್ತ ತಾಯಿ ಉಪವಾಸ ಕೂತು ದೇವರನ್ನು ಬೇಡಿಕೊಳ್ಳುತ್ತಿರುವಾಗ ಜೇಬಿನೊಳಗೆ ಗುಂಡಿ ಒತ್ತಿದ್ದಾನೆ. ಇಷ್ಟೆಲ್ಲ ತಾಪತ್ರಯ ಪಟ್ಟದ್ದು ಹೆಂಡತಿಗೆ ಒಂದು ಮಾತು ಹೇಳುವುದನ್ನು ತಪ್ಪಿಸಿಕೊಳ್ಳಲು. ರೂವಿಯ ಏಜೆಂಟನಾದರೂ ತನ್ನ ಮೋಸವನ್ನು ಬಾಯಿಬಿಟ್ಟು ಹೇಳಿಕೊಂಡಿದ್ದ.

"ಇನ್ನೊಮ್ಮೆ ಕೇಳೂಣ್ರಿ ಅತ್ಯಾರ, ಏಸಿ ಬಂದ್ ಮಾಡಿ" ಅಂದೆ.

"ಒಮ್ಮೆ ಕೇಳಿದ ಮ್ಯಾಲೆ ಮತ್ತ ಕೇಳಬಾರದವಾ" ಅಂದರು ಅತ್ತೆ.

ನಾನು ಗಂಡನ ಎದುರಿಗೆ ಹೋಗಿ ನಿಂತೆ. "ದೇವರು ಇರ್ಲಿ, ಕಫೀಲ್ ಇರ್ಲಿ. ನೀವು ಹೇಳ್ರಿ. ನಿಮ್ಮ ಬಾಯಿಲೆ ಹೇಳ್ರಿ. ನಾ ಹೋಗಬೇಕೋ ಬ್ಯಾಡೋ?"

ಅವರ ತುಟಿ ಅಲುಗಿತು. ಏನೋ ಬಂತು ಅಂದುಕೊಂಡೆ. ಅವರು ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿ, "ಅವ್ವಾ, ನೀ ಏನಂತಿ?" ಅಂದರು.

ಅತ್ತೆ ಹಲಗೆಯಿಂದ ಹಣಮಪ್ಪನನ್ನು ಎತ್ತಿಕೊಂಡು, ಬಲಭುಜದ ದಳ ಇನ್ನೂ ಅಂಟಿಕೊಂಡಿದ್ದ ಹಾಗೆಯೇ ಸೆರಗಿನಲ್ಲಿ ಮುಚ್ಚಿಕೊಂಡು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ. ಗಂಡ ಸಂಜೆಯವರೆಗೆ ಟಿವಿ ನೋಡಿದರು. ಅವರ ತಟ್ಟೆ ಎತ್ತುವಾಗ, ಅವರು ಕಲಸಿಟ್ಟ ಅನ್ನ ಮುಟ್ಟಲು ನನಗೆ ಹೇಸಿಗೆಯಾಯಿತು.

ಶನಿವಾರ ಅವರಿಗೆ ಆಫೀಸು, ನನಗೆ ಶಾಲೆಯ ಬೇಸಿಗೆ ರಜೆ. ಅವರು ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತೆ. ಆಗ ಫೋನಿನ ಲೈನಿನಿಂದಲೇ ಇಂಟರ್ನೆಟ್ಟು, ಅದನ್ನು ಹಚ್ಚಿದರೆ ಮನೆಯ ಫೋನು ಎಂಗೇಜು. ಲೈನು ಸಿಗುವುದಕ್ಕೇ ಬಹಳ ಹೊತ್ತಾಯಿತು. ದೂರಶಿಕ್ಷಣದವರಿಗೆ ಬೇಡ ಅಂತ ಒಂದು ಸಾಲು ಬರೆದೆ. ಇಂಗ್ಲೆಂಡಿನವರಿಗೆ ಬರುತ್ತೇನೆ ಅಂತ ಬರೆದು, ಎರಡು ಸಲ ಓದಿ, ಕಳಿಸಿದೆ. ಲೈನು ಬಿಟ್ಟ ಕೂಡಲೇ ಫೋನು ಬಡಿದುಕೊಂಡಿತು.

ಗಂಡ. ಹಿಂದಿನಿಂದ ಲಾರಿಗಳ ಸದ್ದು ಕೇಳುತ್ತಿತ್ತು, ಆಫೀಸಿನ ಹೊರಗೆ ಬಂದು ನಿಂತಿದ್ದರು ಅನ್ನಿಸುತ್ತದೆ.

"ಅರ್ಧ ತಾಸಿನಿಂದ ಹಚ್ಚಾಕತ್ತೇನಿ, ಎಂಗೇಜ್ ಬರಾಕತ್ತಿತ್ತು" ಅಂದರು. ಆಮೇಲೆ, "ಹೋಗಬ್ಯಾಡ. ನೀ ಇಲ್ಲದ ನನಗ ಆಗೂದಿಲ್ಲ" ಅಂದರು.

ಕಳಿಸಿಬಿಟ್ಟೆ ಅಂತ ಹೇಳಿ ಫೋನಿಟ್ಟೆ. ಹೋದೆ, ಓದಿದೆ, ಬಂದೆ. ಆ ಕೋಣೆಯ ಫುಟ್ಬಾಲುಗಳನ್ನು ಹೊರಗೆ ಹಾಕಿಸಿ ಅಲ್ಲಿ ಕೂತೆ. ಕೈ ಸುಲಿದುಕೊಂಡ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದಳು. ಗಂಡನ ಏಸಿ, ಅವರ ಬುರುಡೆ, ಅವರ ಜೇಬು, ಎಲ್ಲದರ ಮೇಲಿನ ನನ್ನ ಹೇಸಿಗೆ ವರ್ಷಗಳು ಕಳೆದ ಹಾಗೆ ತಿಳಿಯಾಗುತ್ತಾ ಬಂತು. ಒಂದು ಮಾತ್ರ ಹೋಗಿಲ್ಲ. ಆ ಒಂದು ಮಾತನ್ನು ಅವರು ಹಿಂದಿನ ದಿನ, ನಾನು ಎದುರಿಗೆ ನಿಂತು ಕೇಳಿದಾಗ ಹೇಳಿದ್ದರೆ, ನಾನು ಕಣ್ಣೊರೆಸಿಕೊಂಡು, ರೂವಿಯ ಆ ಮೆಟ್ಟಿಲು ಹತ್ತಿ, ಏಜೆಂಟು ತೋರಿಸಿದ ಕಡೆ ಸೈನ್ ಹಾಕಿ ಬರುತ್ತಿದ್ದೆ.