ಮಾಡು ಮಡಚುವ ಕಾರಿನ ಮೆಕ್ಯಾನಿಕ್

ಮೆಕ್ಯಾನಿಕ್ಕರ ಬಲಗಿವಿಯ ಒಳಸುತ್ತಿನಲ್ಲಿ ಯಾವಾಗಲೂ ಒಂದು ಕಪ್ಪು ಕಲೆ ಇರುತ್ತಿತ್ತು. ಇಂಜಿನ್ನಿನ ಯಾವ ಮೂಲೆಯಿಂದ ಸದ್ದು ಬರುತ್ತಿದೆ ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಎಷ್ಟೋ ವರ್ಷಗಳ ಗ್ರೀಸು ಆ ಕಿವಿಯಲ್ಲಿ ಕೂತಿತ್ತು. ಮದುವೆಮನೆಗೆ ಬಿಳಿ ಪಂಚೆ ಉಟ್ಟು ಬಂದಾಗಲೂ ಕಿವಿ ಮಾತ್ರ ಗ್ಯಾರೇಜಿನದೇ.

ಕೊಪ್ಪದಿಂದ ಎನ್.ಆರ್.ಪುರಕ್ಕೆ ಹೋಗುವ ರಸ್ತೆಯಲ್ಲಿ ಅವರ ಗ್ಯಾರೇಜು. ಅದರ ಎದುರಿಗೆ ನಮ್ಮ ಮೆಡಿಕಲ್ ಶಾಪು, ಬಾಡಿಗೆ ಮಳಿಗೆ. ಊರಿನವರಿಗೆ ಅವರ ಕೈಯ ಮೇಲೆ ನಂಬಿಕೆ, ಬಾಯಿಯೆಂದರೆ ಭಯ. "ಈ ಜೀಪು ಇನ್ನೆಷ್ಟು ವರ್ಷ ಬರಬಹುದು?" ಎಂದು ಹಿರೇಕೊಡಿಗೆಯ ಹಿರಿಯರೊಬ್ಬರು ಕೇಳಿದ್ದಕ್ಕೆ, ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನಿಮ್ಮಷ್ಟು ಬರ್ತದೆ" ಎಂದಿದ್ದರು. ನಾನೇ ಕೇಳಿಸಿಕೊಂಡಿದ್ದೇನೆ. "ಗಾಡಿ ಸುಳ್ಳು ಹೇಳಲ್ಲ, ಮಾರೋನು ಹೇಳ್ತಾನೆ" ಎನ್ನುವುದು ಅವರ ಮಾತು. ದಿನಕ್ಕೆ ನಾಲ್ಕು ಸಲವಾದರೂ ರಸ್ತೆ ದಾಟಿ ನನ್ನ ಕೌಂಟರಿನವರೆಗೆ ಬರುತ್ತಿತ್ತು.

ನಮ್ಮನೆಯವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಮಾಡು ಮಡಚುವ ಕಾರಿನ ಹುಚ್ಚು ಹಿಡಿಯಿತು. ಗುಂಡಿ ಒತ್ತಿದರೆ ಬಟ್ಟೆಯ ಮಾಡು, ಎಂದರೆ ಚಾವಣಿ, ತಾನಾಗಿಯೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುವ ವಿದೇಶಿ ಕಾರು. ಮಂಗಳೂರಿನಲ್ಲಿ ಯಾರೋ ಹನ್ನೊಂದು ವರ್ಷ ಓಡಿಸಿದ್ದು, ಹದಿನಾಲ್ಕು ಲಕ್ಷಕ್ಕೆ ಸಿಗುತ್ತಿತ್ತು. ಸ್ವಂತ ಮಳಿಗೆ ಕೊಳ್ಳಲೆಂದು ನಾವಿಬ್ಬರೂ ಕೂಡಿಟ್ಟದ್ದು ಹೆಚ್ಚೂಕಮ್ಮಿ ಅಷ್ಟೇ. ಮೆಕ್ಯಾನಿಕ್ಕರನ್ನು ಜೊತೆಗೆ ಕರೆದುಕೊಂಡು ಹೋದರು, ಸಂಜೆ ಅದೇ ಕಾರಿನಲ್ಲಿ ಬಂದಿಳಿದರು. "ಅವರು ನೋಡಿದ್ದಾರೆ, ಏನೂ ತೊಂದರೆ ಇಲ್ಲ" ಎಂದರು. ಅವರು ನೋಡಿದ್ದಾರೆ ಎಂದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಆ ಕಾರಿನಲ್ಲಿ ನಾವು ದೂರ ಹೋದದ್ದು ಒಂದೇ ಸಲ, ಸಿರಿಮನೆ ಜಲಪಾತಕ್ಕೆಂದು ಹೊರಟದ್ದು. ಹರಿಹರಪುರ ದಾಟಿದ ಮೇಲೆ ಮಾಡು ತೆಗೆದರು. ಶೃಂಗೇರಿ ಹತ್ತಿರವಾಗುವಾಗ ಮಳೆ ಹನಿಯಿತು, ಗುಂಡಿ ಒತ್ತಿದರೆ ಮಾಡು ಮುಚ್ಚಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾವು ಹಾಡುಹಗಲಲ್ಲೇ ಹದಿನಾಲ್ಕು ಲಕ್ಷದ ಕಾರಿನೊಳಗೆ ಕೊಡೆ ಬಿಚ್ಚಿ ಕೂತು ಕೊಪ್ಪಕ್ಕೆ ವಾಪಸಾದೆವು. ನಮ್ಮನೆಯವರು ನಗುತ್ತಲೇ ಇದ್ದರು.

ಆಮೇಲೆ ಒಂದೊಂದಾಗಿ ಹೊರಬಿತ್ತು. ಮಾಡನ್ನು ಎತ್ತುವ ಪಂಪಿನಿಂದ ಎಣ್ಣೆ ಸೋರುತ್ತಿತ್ತು. ಕೂಲೆಂಟಿನ ಪ್ಲಾಸ್ಟಿಕ್ ಟ್ಯಾಂಕು ಬಿರುಕು ಬಿಟ್ಟಿತ್ತು. ಇಳಿದ ಕಿಟಕಿ ಗಾಜು ಏರುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮಾಡಿನ ಅಂಚಿನ ನೀರನ್ನು ಕೆಳಗೆ ಹರಿಸುವ ರಬ್ಬರ್ ಕೊಳವೆಗಳಲ್ಲಿ ತರಗೆಲೆ ಕಟ್ಟಿಕೊಂಡು, ನೀರೆಲ್ಲ ಡಿಕ್ಕಿಯಡಿಯ ಕಂಪ್ಯೂಟರ್ ಪೆಟ್ಟಿಗೆಗೆ ಇಳಿದಿತ್ತು. ಪಂಪು ಮತ್ತು ಪೆಟ್ಟಿಗೆ ಬದಲಿಸಲು ಶೋರೂಮಿನವರು ಹೇಳಿದ್ದು ನಾಲ್ಕೂವರೆ ಲಕ್ಷ. ಮೇಲೆ ಥಳಕು, ಒಳಗೆ ಹುಳುಕು.

ಅದು ಸಾಲದೆಂದು ನಮ್ಮನೆಯವರು ಇನ್ನೊಂದು ಘನಕಾರ್ಯ ಮಾಡಿದರು. ಮಾಡಿನ ಕಂದು ಬಟ್ಟೆ ಬಣ್ಣಗೆಟ್ಟಿತ್ತು. ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಚೊಗರಾಗುತ್ತದಲ್ಲ, ಅಡಿಕೆಗೆ ಬಣ್ಣ ಕೊಡುವುದು, ಅದನ್ನು ಮುತ್ತಿನಕೊಪ್ಪದ ನೆಂಟರ ಮನೆಯಿಂದ ಒಂದು ಕ್ಯಾನು ತಂದು ಬಟ್ಟೆಗೆ ಬಳಿದರು. ಹಾಗೆ ಮಾಡಬೇಡಿ ಎಂದು ಮೆಕ್ಯಾನಿಕ್ ರಸ್ತೆಯ ಆಚೆಯಿಂದಲೇ ಕೂಗಿದ್ದರು. ಒಣಗಿದಾಗ ಹೊಸದರಂತೆ ಕಂಡಿತು. ಮೊದಲ ಮಳೆಗೆ ಕೆಂಪು ನೀರು ಒಳಗಿಳಿದು ಹಾಲುಬಣ್ಣದ ಚರ್ಮದ ಸೀಟೆಲ್ಲ ಕಲೆಯಾಯಿತು. ಮೆಕ್ಯಾನಿಕ್ ಬಂದು ನೋಡಿ, "ಕಾರಿಗೆ ಎಲೆಅಡಿಕೆ ಹಾಕ್ಸಿದೀರಲ್ಲ ಮಾರಾಯ್ರೆ, ಉಗುಳಿ ಬಿಟ್ಟಿದೆ" ಎಂದರು.

ಕಾರು ಬಂದ ಐದನೇ ತಿಂಗಳಿಗೆ ನಮ್ಮನೆಯವರು ಅಂಗಡಿಯಲ್ಲಿ ಕೂತಲ್ಲೇ ಹೋದರು. ಹೃದಯ. ನಾನು ಯಾರಿಗೋ ಮಾತ್ರೆ ಕತ್ತರಿಸಿ ಕೊಡುತ್ತಿದ್ದೆ. ಕತ್ತರಿ ಕೆಳಗಿಟ್ಟದ್ದು ನೆನಪಿದೆ, ಅಳು ಬಂದದ್ದು ನೆನಪಿಲ್ಲ. ಬಂದಿರಲಿಲ್ಲ. ಹದಿಮೂರನೇ ದಿನದ ಊಟಕ್ಕೆ ಬಂದ ಮೆಕ್ಯಾನಿಕ್ಕರನ್ನು ಹಿತ್ತಲಿಗೆ ಕರೆದು ಒಂದೇ ಮಾತು ಕೇಳಿದೆ. "ಆ ಕಾರು ಸರಿ ಇದೆ ಅಂತ ನೀವು ಹೇಳಿದ್ರಾ?" ನನಗೆ ಅದೊಂದು ತಿಳಿಯಬೇಕಿತ್ತು. ಆ ಕಾರಿನ ಚಿಂತೆಯೇ ನಮ್ಮನೆಯವರನ್ನು ಕೊಂಡೊಯ್ದಿತು ಎಂದು ನನ್ನ ಮನಸ್ಸಿಗೆ ಬಂದುಬಿಟ್ಟಿತ್ತು.

ಅವರು ನೆಲ ನೋಡುತ್ತಾ ಹೇಳಿದರು. "ನೋಡಿದ್ದು ನಾನೇ ಅಮ್ಮ. ಸರಿ ಇದೆ ಅಂದದ್ದೂ ನಾನೇ. ತಪ್ಪಾಯ್ತು."

ಆಮೇಲೆ ಮೂರು ವರ್ಷ, ಕೈಗೆ ಬಿಡುವಾದಾಗಲೆಲ್ಲ ಅವರು ಆ ಕಾರಿನ ಕೆಳಗೆ ಮಲಗಿರುತ್ತಿದ್ದರು. ಪಂಪನ್ನು ಬಿಚ್ಚಿ ಒಳಗಿನ ರಬ್ಬರ್ ಸೀಲುಗಳನ್ನಷ್ಟೇ ಬದಲಿಸಿದರು. ಕಂಪ್ಯೂಟರ್ ಪೆಟ್ಟಿಗೆಯನ್ನು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದರು. ಸಾಮಾನಿನ ದುಡ್ಡು ಬಿಟ್ಟು ಮಜೂರಿ ಎಂದು ಒಂದು ರೂಪಾಯಿ ಕೇಳಲಿಲ್ಲ. ನಾನೂ ಕೊಡುತ್ತೇನೆ ಎನ್ನಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಸಿಟ್ಟು ಕೂಡ ಇರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಡೆದಂತೆ ದಿನಗಳು ಹೋಗುತ್ತಿದ್ದವು.

ಕಾರು ಓಡುವ ಹಾಗಾದ ಮೇಲೆ ಎನ್.ಆರ್.ಪುರದಿಂದ ಒಬ್ಬರು ನೋಡಲು ಬಂದರು. ಮದುವೆ ದಿಬ್ಬಣಕ್ಕೆ ಗಾಡಿ ಬಾಡಿಗೆಗೆ ಕೊಡುವವರು. ಒಂಬತ್ತು ಲಕ್ಷಕ್ಕೆ ಒಪ್ಪಿದ್ದರು. ಮೆಕ್ಯಾನಿಕ್ ಕೈ ಒರೆಸಿಕೊಂಡು ಬಂದು, "ಪಂಪು ಮತ್ತೆ ಸೋರಬಹುದು, ಪೆಟ್ಟಿಗೆ ಗುಜರಿಯದ್ದು, ಮಳೆಗಾಲಕ್ಕೆ ನಂಬೂ ಹಾಗಿಲ್ಲ" ಎಂದು ಕೂತು ಹೇಳಿದರು. ಆ ಮನುಷ್ಯ ಚಹಾ ಕುಡಿದು ಎದ್ದು ಹೋದ. ನಾನು ರಸ್ತೆ ದಾಟಿದೆ. "ಇದೇ ಬಾಯಿ ಅವತ್ತು ಮಂಗಳೂರಲ್ಲಿ ಎಲ್ಲಿ ಹೋಗಿತ್ತು?" ಎಂದು ಎಲ್ಲರೆದುರು ಕೇಳಿದೆ.

ಅವರು ತೆಂಗಿನ ಪೊರಕೆಯಿಂದ ಹಿಡಿಕಡ್ಡಿಯೊಂದನ್ನು ಕಿತ್ತು ತಂದು, ಮಾಡಿನ ಅಂಚಿನ ತೂತುಗಳನ್ನು ತೋರಿಸಿದರು. "ಕಬ್ಬಿಣದ ತಂತಿ ಹಾಕ್ಬೇಡಿ, ಕೊಳವೆ ಹರೀತದೆ. ಹಿಡಿಕಡ್ಡಿ ಸಾಕು. ವಾರಕ್ಕೊಂದ್ಸಲ ಹೀಗೆ ಬಿಡಿಸಿ. ನಾನು ಯಾವಾಗ್ಲೂ ಇರ್ತೀನಾ?"

ಇರುವುದಿಲ್ಲ ಎಂಬುದು ನನಗೆ ಬೇಗ ಗೊತ್ತಾಯಿತು. ಅವರು ತಂದ ಡಾಕ್ಟರರ ಚೀಟಿಯಲ್ಲಿ ಈ ಸಲ ಮಾತ್ರೆಯ ಹೆಸರು ಬದಲಾಗಿತ್ತು, ಅದು ಯಾವ ಕಾಯಿಲೆಯದೆಂದು ಅಂಗಡಿ ಇಟ್ಟವಳಿಗೆ ಯಾರೂ ಹೇಳಬೇಕಿಲ್ಲ. "ಇದ್ರಿಂದ ಗುಣ ಆಗ್ತದಾ ಅಮ್ಮ?" ಎಂದರು. "ಆಗ್ತದೆ" ಎಂದೆ. ಕವರನ್ನು ಜೇಬಿಗಿಟ್ಟುಕೊಂಡು, "ಮಾರೋರು ಹಾಗೇ ಹೇಳ್ಬೇಕು" ಎಂದು ನಕ್ಕರು. ನಾಲ್ಕು ತಿಂಗಳಿಗೆ ತೀರಿಕೊಂಡರು.

ಅವರ ಮನೆಗೆ ಮಾತನಾಡಿಸಲು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಇನ್ನು ಹೇಳಿದ್ರೆ ತಪ್ಪಿಲ್ಲ ಮಾರಾಯ್ತಿ. ಅವತ್ತು ಇವ್ರು ಮಂಗಳೂರಿಂದ ಬಂದೋರು ಊಟಕ್ಕೂ ಕೂರ್ಲಿಲ್ಲ. ಕಾರಿನ ಕಾರ್ಪೆಟ್ ಎತ್ತಿ ಒಳಗಿನ ನೀರು ತೋರ್ಸಿದ್ರಂತೆ, ಬೇಡ ಅಂತ ಕೈ ಮುಗಿದ್ರಂತೆ. ನಿಮ್ಮನೆಯವ್ರು ಕೇಳ್ಬೇಕಲ್ಲ!"

"ಮತ್ತೆ ನನ್ ಹತ್ರ..."

"ನಾನೂ ಕೇಳ್ದೆ. ಹೋದೋರ ಮೇಲೆ ಆ ಅಮ್ಮ ಎಂತಕ್ಕೆ ಸಿಟ್ಟು ಮಾಡ್ಬೇಕು, ಎದುರಿಗೇ ಇದೀನಲ್ಲ, ನನ್ ಮೇಲೇ ಮಾಡ್ಲಿ ಅಂದ್ರು."

ನಾನು ಚಹಾ ಕುಡಿದು ಬಂದೆ. ಮಾರಾಟವಾಗದೆ ಉಳಿದ ಕಾರು ನಮ್ಮ ಮನೆಯ ಶೆಡ್ಡಿನಲ್ಲಿತ್ತು. ಅಂದು ಭಾನುವಾರ, ಕೊಳವೆ ಬಿಡಿಸುವ ದಿನ. ಹಿಡಿಕಡ್ಡಿ ತೆಗೆದುಕೊಂಡು ಮೊದಲ ತೂತು ಬಿಡಿಸಿದೆ. ಎರಡನೆಯದಕ್ಕೆ ಬಗ್ಗಿದಾಗ ನಮ್ಮನೆಯವರ ಮೇಲೆ ಸಿಟ್ಟು ಬಂತು. ಅವರು ಹೋದ ಮೇಲೆ ಅವರ ಮೇಲೆ ನನಗೆ ಬಂದ ಮೊದಲ ಸಿಟ್ಟು. "ಅವ್ರ ಮಾತು ಒಂದಾದ್ರೂ ಕೇಳ್ಬಾರದಿತ್ತಾ?" ಎಂದು ಆ ಕಲೆಯಾದ ಸೀಟಿಗೆ ಜೋರಾಗಿ ಬೈದೆ. ಬೈಯುತ್ತಾ ಅತ್ತೆ, ನಿಲ್ಲಿಸಲಾಗಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆದರೆ ಎದುರಿಗೆ ಗ್ಯಾರೇಜಿನ ಮುಚ್ಚಿದ ಬಾಗಿಲು ಕಾಣುತ್ತದೆ. ಎಲ್ಲರೆದುರು ನಾನಾಡಿದ ಆ ಮಾತನ್ನು ಕೇಳಿಸಿಕೊಂಡವರು ಈ ಬೀದಿಯಲ್ಲಿ ಇನ್ನೂ ಇದ್ದಾರೆ. ಅಂಗಡಿಗೆ ಬಂದವರಿಗೆಲ್ಲ ಈಗ ನಾನೇ ಹೇಳುತ್ತೇನೆ, ಆ ಕಾರು ಬೇಡವೆಂದೇ ಅವರು ಅಂದಿದ್ದರು ಎಂದು.