ಐದರಿಂದ ಒಂದಕ್ಕೆ

ಮರಿಲಿಂಗಪ್ಪ ಕಕ್ಕೇರಾ ಕಡೆ ಎಡದಂಡೆ ಕಾಲುವೆಯ ಗೇಟು ಏರಿಸಿ ಇಳಿಸುವವನು. ನಾನು ಅಲ್ಲೇ ಶಾಲೆ ಮಾಸ್ತರ. ಇಬ್ಬರಿಗೂ ಒಂದೇ ಚಟ, ಕಂಪ್ಯೂಟರಿನ ಆನ್‌ಲೈನ್ ಆಟ. ಐದು ಜನ ಕೂಡಿ ರಾಕ್ಷಸನ ಕೋಟೆಗೆ ನುಗ್ಗಬೇಕು. ಅದರಲ್ಲಿ ಗಾಯಗೊಂಡವರಿಗೆ ಮದ್ದು ಹಾಕುವ ವೈದ್ಯ ಮರಿಲಿಂಗಪ್ಪ. ಅವನು ಎಫ್-ಒಂದು ಕೀಲಿ ಒತ್ತಿದರೆ ಎಲ್ಲರಿಗಿಂತ ಮುಂದೆ ನಿಲ್ಲುವ ನನಗೆ ಮದ್ದು. ಎಫ್-ಐದು ಒತ್ತಿದರೆ ಕೊನೆಯಲ್ಲಿ ನಿಂತು ಬಾಣ ಬಿಡುವ ಕಡೇಚೂರಿನ ಬಸ್ಸಮ್ಮನಿಗೆ.

ಮೊದಮೊದಲು ಮೌಸ್ ಎಳೆದಾಡುತ್ತಿದ್ದ. ಅಷ್ಟರಲ್ಲಿ ನಾವು ಸತ್ತಿರುತ್ತಿದ್ದೆವು. ಆಮೇಲೆ ನೋಡದೆ ಕೀಲಿ ಒತ್ತುವ ರೂಢಿಗೆ ಬಿದ್ದ. ಗೇಟಿನ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಐದು ಕೀಲಿಗಳ ಹಾಗೆ ಐದು ಮನೆ ಬರೆದು, ನೀರು ಏರುವ ತನಕ ಬೆರಳು ಬಡಿಯುತ್ತ ಕೂತಿರುತ್ತಿದ್ದ. ಒಂದು ದಿನ ಹೋಗಿ ನೋಡಿದೆ. ಐದರಿಂದ ಒಂದಕ್ಕೆ ಬರುತ್ತಿದ್ದ. ಸಿಟ್ಟು ನೆತ್ತಿಗೇರಿತು.

"ಮುಂದ ನಿಂತು ಏಟು ತಿನ್ನಾಂವ ನಾನು. ನನಗ ಕಡೀಕ ಹಾಕ್ತಿಯೇನೊ ಮದ್ದು?"

"ಸರದಿ ಕಡೀ ಹೊಲದಿಂದನ ಸುರು ಮಾಡಬೇಕ್ರಿ ಮಾಸ್ತರ. ಮೊದಲಿನವರಿಗೆ ಬಿಟ್ರ ಕಡೀತನಕ ನೀರು ಮುಟ್ಟಂಗಿಲ್ಲ," ಅಂದ. ಬೆರಳು ನಿಲ್ಲಿಸಲಿಲ್ಲ.

ಎರಡು ತಿಂಗಳಲ್ಲಿ ಅವನ ಬೆರಳು ಎಷ್ಟು ಚುರುಕಾದವೆಂದರೆ, ರೆಪ್ಪೆ ಬಡಿಯುವುದರೊಳಗೆ ಸರದಿ ನನಗೂ ಬರುತ್ತಿತ್ತು. ಈ ಹಿಂದೆ ಬೇರೆ ನಾಲ್ಕು ತಂಡದವರು ಕೈಬಿಟ್ಟಿದ್ದ ಬಸ್ಸಮ್ಮ ಕೊನೆತನಕ ಉಳಿದಳು. ರಾಕ್ಷಸನನ್ನು ಕೆಡವಿದ ಬಾಣ ಅವಳದೇ.

ನನ್ನ ಹೊಲ ಕಾಲುವೆಯ ಬಾಯಿಗೇ ಇದೆ; ಸರದಿ ಯಾರದೇ ಇರಲಿ, ಮೊದಲು ನಾನೇ ನೀರು ತಿರುಗಿಸಿಕೊಳ್ಳುತ್ತಿದ್ದೆ. ಸರದಿ ಕಾಯುವುದು ಅಂದರೇನು ಅಂತ ನನಗೆ ಗೊತ್ತಾದದ್ದು ಆ ಆಟದಲ್ಲಿ.