ಮೇ ಐದರ ಹೋಳಿಗೆ

ಎರಡು ಸಾವಿರದ ಇಸವಿಯ ಆಸುಪಾಸು. ನಮ್ಮ ಮನೆಯಲ್ಲಿ ಒಂದೇ ತಕರಾರು: ಹೋಳಿಗೆ ಮಾಡುವುದೋ ಬೇಡವೋ. ಆಸ್ಪತ್ರೆಯ ಕೆಲಸದ ನಡುವೆ ಓದಿ, ಎರಡು ಸಲ ಫೇಲಾಗಿ, ನಮ್ಮ ಯಜಮಾನರು ಡಾಕ್ಟರಿಕೆಯ ಉನ್ನತ ಪರೀಕ್ಷೆಯ ಮೊದಲ ಭಾಗ ಪಾಸಾಗಿದ್ದರು. ಎರಡನೆಯದು ಇನ್ನೂ ಕಷ್ಟದ್ದು.

“ಪೂರ್ತಿ ಮುಗೀಲಿ, ಆಮ್ಯಾಲೆ ಮಾಡಿದರಾತು. ಅರ್ಧಾ ಪಾಸಾದದ್ದಕ್ಕ ಯಾರರೆ ಹೋಳಿಗಿ ತಿಂತಾರೇನು?” ಎಂದು ಪೇಪರಿನ ಹಿಂದಿನಿಂದಲೇ ಅಂದರು.

“ಹಂಗಾರ ಮಗಳ ಮದುವ್ಯಾಗ ತಿನ್ನೂಣು ಬಿಡ್ರಿ,” ಎಂದೆ. ಬೇಳೆಯನ್ನಂತೂ ನೆನೆಹಾಕಿಯೇ ಇದ್ದೆ.

ಲಂಡನ್ನಿನ ಹ್ಯಾರೋದ ನಮ್ಮ ಮನೆಗೂ ಪಕ್ಕದ್ದಕ್ಕೂ ಒಂದೇ ಗೋಡೆ. ಆ ಕಡೆಯವಳು ಮೆಕ್ಸಿಕೋ ದೇಶದ ಪ್ವೆಬ್ಲಾ ಊರಿನವಳು. ಸೌತ್‌ಹಾಲಿನ ಇಂಡಿಯನ್ ಅಂಗಡಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ಅವಳ ರೊಟ್ಟಿ ಒಡೆದು ಚೂರಾಗುತ್ತಿತ್ತು. ನನ್ನ ಬ್ಯಾಡಗಿ ಮೆಣಸಿನಕಾಯಿ ಮಾತ್ರ ಹಿಡಿಸಿತ್ತು. ಅವತ್ತು ಮೇ ಐದು, ಮೆಣಸಿನಕಾಯಿ ಕೇಳಿಕೊಂಡು ಬಂದಳು. ಸ್ಟೇಷನ್ ಹತ್ತಿರದ ಪಬ್ಬಿನ ಮುಂದೆ ಅವಳ ದೇಶದ ಬಾವುಟ ಕಂಡಿದ್ದೆನಲ್ಲ, “ಸ್ವಾತಂತ್ರ್ಯ ದಿನದ ಶುಭಾಶಯ,” ಎಂದೆ.

ಅವಳು ನಕ್ಕು ಕುರ್ಚಿ ಎಳೆದುಕೊಂಡಳು. “ಅದು ಸೆಪ್ಟೆಂಬರಿಗೆ. ಪಬ್ಬಿನವರಿಗೇನು, ಬಿಯರ್ ಖರ್ಚಾದರಾಯಿತು. ಇವತ್ತಿನದು ನಮ್ಮೂರಿನ ಹಬ್ಬ.”

ಸಾವಿರದ ಎಂಟುನೂರಾ ಅರವತ್ತೆರಡರಲ್ಲಿ, ಮೆಕ್ಸಿಕೋ ಹಿಡಿಯಲು ಬಂದ ಫ್ರೆಂಚ್ ಸೈನ್ಯವನ್ನು ಇದೇ ದಿನ ಅವಳೂರಿನ ಗುಡ್ಡದ ಕೋಟೆಗಳ ಹತ್ತಿರ ಮೆಕ್ಸಿಕೋದವರು ಹಿಮ್ಮೆಟ್ಟಿಸಿದರಂತೆ.

ಯಜಮಾನರು ಪೇಪರು ಮಡಚಿದರು. “ಅಲ್ಲಿಗೆ ಫ್ರೆಂಚರು ವಾಪಸು ಹೋದರು?”

“ಎಲ್ಲಿಯ ವಾಪಸು? ಮರುವರ್ಷ ಇನ್ನೂ ದೊಡ್ಡ ಸೈನ್ಯ ತಂದು ಊರನ್ನೇ ಹಿಡಿದರು. ಪೂರ್ತಿ ಓಡಿಸಲು ಇನ್ನೂ ಕೆಲವು ವರ್ಷ ಹಿಡಿಯಿತು.”

“ಮತ್ತೆ ಹಬ್ಬ ಯಾತಕ್ಕೆ?”

“ಆ ದಿನ ಗೆದ್ದೆವಲ್ಲ, ಡಾಕ್ಟರೇ! ಮುಂದೆ ಸೋತೆವೆಂದು ಅದು ಇಲ್ಲವಾಗುತ್ತದೆಯೇ?”

ಅವರು ನನ್ನ ಕಡೆ ನೋಡಿದರು. ದೇವರಾಣೆಗೂ ನಾನೇನೂ ಹೇಳಿಕೊಟ್ಟಿರಲಿಲ್ಲ. ಬೇಳೆಯನ್ನು ಒಲೆಯ ಮೇಲಿಟ್ಟು ಬೆಲ್ಲ ಕುಟ್ಟತೊಡಗಿದೆ. ಸದ್ದಿಗೆ ಮಗಳು ಮಹಡಿಯಿಂದ ಇಳಿದು ಬಂದಳು.

“ಅಮ್ಮಾ, ಈಸ್ ಇಟ್ ಹೋಳಿಗಿ?”

“ನಿಮ್ಮಪ್ಪನ್ನ ಕೇಳು.”

“ಹೂಂ, ಹೋಳಿಗಿನಽ,” ಎಂದರು ಅವರು. “ಹೂರಣ ಸಣ್ಣಗ ರುಬ್ಬು. ಇವರಿಗೂ ನಾಕು ಕಟ್ಟಿಕೊಡು.”

ಮರುವರ್ಷ ವಸಂತದಲ್ಲಿ ಎರಡನೇ ಭಾಗದ ಫಲಿತಾಂಶ ಬಂತು, ಫೇಲಾಗಿದ್ದರು. ಹೋಳಿಗೆಯ ಸುದ್ದಿ ನಾನೂ ಎತ್ತಲಿಲ್ಲ. ಮೇ ಐದರ ಬೆಳಗ್ಗೆ ಚಹಾಕ್ಕೆಂದು ಅಡಿಗೆಮನೆಗೆ ಹೋದರೆ, ಸಿಂಕಿನ ಪಕ್ಕ ದೊಡ್ಡ ಪಾತ್ರೆಯಲ್ಲಿ ಕಡಲೆಬೇಳೆ ನೆನೆಯುತ್ತಿತ್ತು. ಹಾಕಿದವಳು ನಾನಲ್ಲ.